ಅವ್ವ ಪಗಾರ ಕೇಳುತ್ತಿದ್ದ ಮಳೆಗಾಲ

ಹೋದ ವಾರ ಮಗಳನ್ನು ಹಲ್ಲಿನ ಡಾಕ್ಟರಿಗೆ ತೋರಿಸಲು ಕ್ಯಾಲಿಫೋರ್ನಿಯಾದ ವಾಲ್ನಟ್ ಕ್ರೀಕಿಗೆ ಹೋಗಿದ್ದೆ. ಮಳೆ ಬಂದು ಆಗಷ್ಟೇ ನಿಂತಿತ್ತು. ಬೇರೆಲ್ಲೂ ಜಾಗ ಸಿಗದೆ ನನ್ನ ಹಳೆಯ ಆಫೀಸಿನ ಹಿಂದಿನ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿ ಬಾಗಿಲು ತೆಗೆದೆ, ಅಷ್ಟೇ. ಒದ್ದೆ ನೀಲಗಿರಿ ಎಲೆಯ ವಾಸನೆ ಮೂಗಿಗೆ ಬಡಿಯಿತು. ಬೇರೆಯವರಿಗೆ ಆ ವಾಸನೆಯಿಂದ ನೆಗಡಿಯ ಮುಲಾಮು ನೆನಪಾಗಬಹುದು. ನನಗೆ ಮಾತ್ರ ಕಿವಿ ಬಿಸಿಯಾಯಿತು. "ಅಮ್ಮಾ, ಆರ್ ಯೂ ಓಕೆ?" ಎಂದಳು ಮಗಳು. ಓಕೆ ಎಂದೆ. ಇಷ್ಟು ಕಾಲವಾದರೂ ಆ ಮರಗಳ ಕೆಳಗೆ ನಿಂತರೆ ನನಗೆ ನಾಚಿಕೆಯಾಗುತ್ತದೆ, ಅದನ್ನು ಹನ್ನೆರಡು ವರ್ಷದವಳಿಗೆ ಹೇಗೆ ಹೇಳುವುದು?

ಅದು ಅವ್ವ ಹುಬ್ಬಳ್ಳಿಯಿಂದ ಬಂದು ನಮ್ಮ ಜೊತೆ ಆರು ತಿಂಗಳು ಇದ್ದ ವರ್ಷ. ಆ ಚಳಿಗಾಲ ಇಲ್ಲಿ ಸುರಿದ ಮಳೆಯನ್ನು ಇಲ್ಲಿಯವರೇ ಕಂಡಿರಲಿಲ್ಲವಂತೆ. ಫ್ರೀವೇ ಪಕ್ಕದ ಗುಡ್ಡಗಳು ಜಾರಿದವು, ಅಲ್ಲಿಗೆ ಹತ್ತಿರದ ಡಬ್ಲಿನ್ ಎಂಬ ಊರಿನಲ್ಲಿರುವ ನಮ್ಮ ಮನೆಯ ಹಿಂದಿನ ಬೇಲಿ ಬಿತ್ತು. ಅವ್ವ ಕಿಟಕಿಯ ಮುಂದೆ ಕುರ್ಚಿ ಹಾಕಿಕೊಂಡು, "ಅಮೇರಿಕಾ ಅಂದ್ರ ಬರೇ ಬಿಸಿಲಂತ ಹೇಳಿದ್ದಿ, ಇದೇನ ಮಳೀನೋ ಏನ ಶಾಪಾನೋ" ಎನ್ನುತ್ತಿದ್ದಳು.

ಅವ್ವ ಸರಕಾರಿ ದವಾಖಾನೆಯಲ್ಲಿ ನರ್ಸ್ ಆಗಿ ನಿವೃತ್ತಳಾದವಳು. ದನಿ ದೊಡ್ಡದು, ಮನಸ್ಸು ಇನ್ನೂ ದೊಡ್ಡದು. ಅವಳದೊಂದೇ ಕಾಟ. ಯಾರು ಸಿಕ್ಕರೂ ಮೊದಲು ಊರು ಕೇಳುತ್ತಿದ್ದಳು, ಆಮೇಲೆ ಮಕ್ಕಳೆಷ್ಟು ಎನ್ನುತ್ತಿದ್ದಳು, ಮೂರನೆಯದಾಗಿ, "ಪಗಾರ ಎಷ್ಟ್ ಬರ್ತದ?" ಪಾರ್ಕಿನಲ್ಲಿ ಮೊಮ್ಮಕ್ಕಳನ್ನು ಆಡಿಸಲು ಬರುವ ಅಜ್ಜಿಯರನ್ನು ಅವರ ಸೊಸೆಯಂದಿರ ಪಗಾರ ಕೇಳಿದಳು. ಕಿರಾಣಿ ಅಂಗಡಿಯ ಬಿಲ್ಲಿನ ಹುಡುಗಿಯನ್ನು, ನನ್ನಿಂದ ಅನುವಾದ ಮಾಡಿಸಿ ಕೇಳಲು ನೋಡಿದಳು. ನಾನು "ಹವಾ ಹೆಂಗೈತಿ ಅಂತ ಕೇಳಾಕತ್ತಾಳ" ಎಂಬಂತೆ ಇಂಗ್ಲಿಷಿನಲ್ಲಿ ತಿರುಗಿಸಿಬಿಟ್ಟೆ. ಹುಡುಗಿ ಮಳೆಯ ಬಗ್ಗೆ ಏನೋ ಹೇಳಿದಳು. "ಕಡಿಮಿ ಅಂತಾಳೇನ?" ಎಂದು ಅವ್ವ ಮರುಗಿದಳು.

ನನ್ನ ಪಗಾರವನ್ನೂ ಎಷ್ಟೋ ಸಲ ಕೇಳಿದ್ದಳು. "ಸಾಕಷ್ಟ್ ಬರ್ತದ ಅವ್ವ" ಎಂದು ಜಾರಿಕೊಳ್ಳುತ್ತಿದ್ದೆ. ಅವಳು ಅದನ್ನು ತನಗೆ ಬೇಕಾದಂತೆ ಅರ್ಥ ಮಾಡಿಕೊಂಡಿದ್ದಳು. ಪಾರ್ಕಿನ ಅಜ್ಜಿಯರಿಗೆ ಹೇಳುವುದನ್ನು ನಾನೇ ಕೇಳಿದ್ದೇನೆ: "ನಮ್ಮ ಸುಮಾಂದು ಭಾಳ ಇರಬೇಕ್ರಿ. ಕಣ್ಣ ಬೀಳ್ತೈತಂತ ನನಗೂ ಹೇಳಂಗಿಲ್ಲ."

ದೀಪಾವಳಿಯ ಮಧ್ಯಾಹ್ನ ಪರಿಚಯದವರ ಮನೆಯಲ್ಲಿ ಊಟವಿತ್ತು. ಎಲ್ಲರೂ ಒಂದೊಂದು ಅಡುಗೆ ಮಾಡಿಕೊಂಡು ಹೋಗಿದ್ದೆವು. ಆ ಮನೆಯ ಯಜಮಾನರು ದೊಡ್ಡ ಕಂಪನಿಯೊಂದರಲ್ಲಿ ಡೈರೆಕ್ಟರು. ಅವ್ವನ ಕೈಗೆ ತಟ್ಟೆ ಕೊಟ್ಟು, ಬಗ್ಗಿ ನಮಸ್ಕಾರ ಮಾಡಿದ ಮನುಷ್ಯ. ಅವ್ವ ಆಶೀರ್ವಾದ ಮಾಡಿ, ಅದೇ ಉಸಿರಿನಲ್ಲಿ, "ಡೈರೆಕ್ಟರಂದ್ರ ಪಗಾರ ಎಷ್ಟಪಾ?" ಎಂದಳು. ಅವರು "ನಡೀತಾ ಇದೆ ಅಮ್ಮ, ನಿಮ್ಮ ಆಶೀರ್ವಾದ" ಎಂದು ನಕ್ಕು ಒಳಗೆ ಹೋದರು. ಯಾರೋ ಹಿಂದೆ ಕಿಸಕ್ಕೆಂದರು. ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು.

ಕಾರಿನಲ್ಲಿ ಕೂತ ಕೂಡಲೇ ಶುರು ಮಾಡಿದೆ. "ಅವ್ವ, ಇಲ್ಲೆ ಅದನ್ನೆಲ್ಲಾ ಕೇಳಬಾರ್ದು. ಮಂದಿಗೆ ಕಸಿವಿಸಿ ಆಗ್ತದ."

"ಯಾಕ? ಪಗಾರ ಏನ ಮೈಮ್ಯಾಲಿನ ಗಾಯ ಏನ, ಮುಚ್ಚಿಡಾಕ?"

"ಇಲ್ಲಿ ರೂಢಿ ಇಲ್ಲ. ನನ್ನ ಮಾನ ಹೋಗ್ತದ."

"ನಮ್ಮ ದವಾಖಾನ್ಯಾಗ ಆಯಾ ಇಂದ ಹಿಡಿದು ದೊಡ್ಡ ಡಾಕ್ಟರ್ ತನಕ ಎಲ್ಲಾರ್ದೂ ಎಲ್ಲಾರಿಗೂ ಗೊತ್ತಿತ್ತು. ನನ್ನ ಇನ್‌ಕ್ರಿಮೆಂಟ್ ತಪ್ಪಿಸಿದ್ದು ಹೆಂಗ ಗೊತ್ತಾತು ನನಗ? ನನ್ನ ಜೋಡಿ ನರ್ಸ್ ಇದ್ದ ಶಾಂತಕ್ಕ ಆಕೀ ಪಗಾರ ಹೇಳಿದ್ದಕ್ಕ ಗೊತ್ತಾತು. ಹೋಗಿ ಸಾಹೇಬ್ರ ಮುಂದ ನಿಂತ್ವಿ, ಕೊಟ್ರು. ಕೇಳಲಿಲ್ಲಂದ್ರ ಯಾರ ಕೊಡ್ತಿದ್ರು?"

ಡ್ರೈವ್ ಮಾಡುತ್ತಿದ್ದ ಗಿರೀಶ, ನನ್ನ ಗಂಡ, ತುಟಿ ಕಚ್ಚಿ ನಗುತ್ತಿದ್ದ. ಅವನು ಬೆಂಗಳೂರಿನವನು, ಅತ್ತೆಯ ಮಾತು ಅವನಿಗೆ ಯಾವಾಗಲೂ ಮಜಾ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಇನ್ನೊಂದು ಸಲ ಕೇಳಿದರೆ ಎಲ್ಲಿಗೂ ಕರೆದುಕೊಂಡು ಹೋಗುವುದಿಲ್ಲ ಎಂದುಬಿಟ್ಟೆ. ಹೆತ್ತ ತಾಯಿಗೆ, ಚಿಕ್ಕ ಮಗುವಿಗೆ ಹೇಳಿದ ಹಾಗೆ. ಅವ್ವ ಸೆರಗು ಸರಿಮಾಡಿಕೊಂಡು ಕಿಟಕಿಯ ಕಡೆ ತಿರುಗಿದಳು.

ಈಗ ನನ್ನ ಕೆಲಸದ ವಿಷಯ ಹೇಳಬೇಕು. ಡಾಕ್ಟರುಗಳ ಕ್ಲಿನಿಕ್ಕುಗಳಿಗೆ ಬಿಲ್ಲಿಂಗು ಮಾಡಿಕೊಡುವ ಸಣ್ಣ ಕಂಪನಿ ಅದು. ಇನ್ಶೂರೆನ್ಸಿನವರು ಹಣ ಕೊಡುವುದಿಲ್ಲ ಎಂದು ತಿರಸ್ಕರಿಸಿದ ಬಿಲ್ಲುಗಳೆಲ್ಲ ನನ್ನ ಮೇಜಿಗೆ ಬರುತ್ತಿದ್ದವು. ಫೋನು ಹಿಡಿದು, ಹೋಲ್ಡಿನ ಸಂಗೀತ ಕೇಳುತ್ತಾ ಕೂತು, ಕೊನೆಗೆ ಸಿಕ್ಕವರ ಜೊತೆ ವಾದ ಮಾಡಿ ಹಣ ಹೊರಡಿಸುವುದೇ ನನ್ನ ಉದ್ಯೋಗ. ನಾನು ಅದರಲ್ಲಿ ಗಟ್ಟಿಗಿತ್ತಿ, ಸುಳ್ಳು ವಿನಯ ಯಾಕೆ? "ಇದು ನಮಗೆ ಬರಬೇಕಾದದ್ದು, ಕೊಡಿ" ಎಂದು ದಿನವಿಡೀ ಹೇಳುತ್ತಿದ್ದೆ. ಆದರೆ ಎಲ್ಲವೂ ಬೇರೆಯವರ ದುಡ್ಡಿಗೆ.

ಆ ಕೆಲಸಕ್ಕೆ ಸೇರಿದ ದಿನದ ಕಥೆ ಯಾರಿಗೂ ಹೇಳಿರಲಿಲ್ಲ. ವೀಸಾದ ಕಾರಣಕ್ಕೆ ಎಷ್ಟೋ ವರ್ಷ ಮನೆಯಲ್ಲಿ ಕೂತು, ಆಮೇಲೆ ಅನುಮತಿ ಬಂದು, ಮೊದಲ ಇಂಟರ್ವ್ಯೂಗೆ ಹೋಗಿದ್ದೆ. ಮ್ಯಾನೇಜರ್ ಡೆನೀಸ್ ಒಳ್ಳೆಯ ಹೆಂಗಸು, ನಗುಮುಖದವಳು. ಎಲ್ಲ ಮಾತು ಮುಗಿದ ಮೇಲೆ ಎಷ್ಟು ಸಂಬಳ ನಿರೀಕ್ಷಿಸುತ್ತೀ ಎಂದು ಕೇಳಿದಳು. ನನ್ನ ಮನಸ್ಸಿನಲ್ಲಿ ಒಂದು ಅಂಕಿ ಇತ್ತು. ಬಾಯಿಂದ ಬಂದದ್ದು ಅದಕ್ಕಿಂತ ಬಹಳ ಕೆಳಗಿನದು.

ಯಾಕೆ ಗೊತ್ತೇ? ಅವಳು ಒತ್ತಾಯ ಮಾಡುತ್ತಾಳೆ ಎಂದುಕೊಂಡಿದ್ದೆ. ನಮ್ಮಲ್ಲಿ ಊಟಕ್ಕೆ ಕೂತಾಗ ಎರಡನೇ ಹೋಳಿಗೆಗೆ ಯಾರಾದರೂ ಮೊದಲ ಸಲಕ್ಕೇ ಹೂಂ ಅನ್ನುತ್ತಾರೆಯೇ? ಬ್ಯಾಡ ಬ್ಯಾಡ ಎಂದು ಎಲೆಗೆ ಕೈ ಅಡ್ಡ ಹಿಡಿಯಬೇಕು. ಬಡಿಸುವವರು, "ಏ ಇಷ್ಟ ಉಂಡ್ರ ಹೆಂಗ, ಹಾಕ್ಕೋ" ಎಂದು ಬೆರಳ ಸಂದಿನಿಂದಲಾದರೂ ಬಡಿಸಬೇಕು. ಅದು ಮರ್ಯಾದೆ. ನಾನು ಕಡಿಮೆ ಹೇಳಿದರೆ, "ಛೇ, ನಿನ್ನಂಥವಳಿಗೆ ಇಷ್ಟೇ ಸಾಕೇ, ಇನ್ನೂ ಸ್ವಲ್ಪ ತಗೋ" ಎಂದು ಡೆನೀಸ್ ಮೇಲೆ ಹಾಕುತ್ತಾಳೆ, ನಾನು ನಾಚುತ್ತಾ ಒಪ್ಪಿಕೊಳ್ಳುತ್ತೇನೆ, ಹೀಗೆಲ್ಲ ಲೆಕ್ಕ ಹಾಕಿದ್ದೆ. ಡೆನೀಸ್ "ಗ್ರೇಟ್!" ಎಂದು ಬರೆದುಕೊಂಡು, ಎದ್ದು ಕೈಕುಲುಕಿದಳು. ನನ್ನ ಎಲೆ ಖಾಲಿಯೇ ಉಳಿಯಿತು. ಮನೆಗೆ ಬಂದು ಗಿರೀಶನಿಗೆ, "ಈ ಕೆಲಸಕ್ಕೆ ಎಲ್ಲಾ ಕಡೆ ಇಷ್ಟೇ ಅಂತೆ ಕೊಡೋದು" ಎಂದೆ. ಹೇಳಿ ಹೇಳಿ ನಾನೂ ಅದನ್ನು ನಂಬಿದೆ. ಆಮೇಲೆ ವರ್ಷಕ್ಕೊಮ್ಮೆ ಚಿಟಿಕೆಯಷ್ಟು ಏರುತ್ತಿತ್ತು.

ಹೊಸ ವರ್ಷ ಬಂತು, ಮಳೆ ಇನ್ನೂ ಜೋರಾಯಿತು. ಒಂದು ಸಂಜೆ ಊಟಕ್ಕೆ ಕೂತಾಗ ಗಿರೀಶ ಹೇಳಿದ: "ಅತ್ತೆ, ನಿಮ್ಮ ಮಾತು ಸರ್ಕಾರದವ್ರಿಗೆ ಕೇಳಿಸ್ತು ನೋಡಿ. ಇನ್ಮೇಲೆ ಕ್ಯಾಲಿಫೋರ್ನಿಯಾದಲ್ಲಿ ಕೆಲ್ಸಕ್ಕೆ ಜನ ಬೇಕು ಅಂತ ಹಾಕೋವಾಗ್ಲೇ ಸಂಬಳ ಎಷ್ಟರಿಂದ ಎಷ್ಟರವರೆಗೆ ಅಂತ ಹಾಕ್ಬೇಕಂತೆ. ತೀರಾ ಸಣ್ಣ ಕಂಪನಿಗಳನ್ನ ಬಿಟ್ಟು ಎಲ್ಲರೂ. ಕಾನೂನು."

ಅವ್ವನ ಮುಖ ಅರಳಿತು. "ನೋಡಿದೇನು? ನಾ ಕೇಳಿದ್ರ ತಪ್ಪು, ಸರಕಾರ ಕೇಳಿದ್ರ ಕಾನೂನ!"

ಎಲ್ಲರೂ ನಕ್ಕೆವು. ನಾನೂ ನಕ್ಕೆ. ನನ್ನ ಮೈಗೆ ಏನೂ ತಗಲುವುದಿಲ್ಲ ಎಂದುಕೊಂಡಿದ್ದೆ.

ಕೆಲವೇ ದಿನಗಳಲ್ಲಿ ನಮ್ಮ ವಿಭಾಗದ ಒಬ್ಬಳು ಕೆಲಸ ಬಿಟ್ಟಳು. ಆ ಜಾಗಕ್ಕೆ ಜಾಹೀರಾತು ಹಾಕಿದರು. ಅವಳ ಹುದ್ದೆ, ನನ್ನ ಹುದ್ದೆ ಒಂದೇ. ಹೆಸರೂ ಒಂದೇ, ಕೆಲಸವೂ ಒಂದೇ. ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಕಾರಿನಲ್ಲಿ ಕೂತು, ಆ ನೀಲಗಿರಿ ಮರಗಳ ಕೆಳಗೆ, ಫೋನಿನಲ್ಲಿ ಅದನ್ನು ತೆರೆದೆ. ಕೆಳಗೆ ಎರಡು ಅಂಕಿಗಳಿದ್ದವು. ಇಲ್ಲಿಂದ ಇಲ್ಲಿಯವರೆಗೆ. ಮೊದಲು ಮೇಲಿನ ಅಂಕಿಯನ್ನು ನೋಡಿ, ಅದು ಅನುಭವಸ್ಥರಿಗೆ ಇರಬೇಕು ಎಂದುಕೊಂಡೆ. ಆಮೇಲೆ ಕೆಳಗಿನದನ್ನು ನೋಡಿದೆ. ನಾನು ಆ ಎರಡರ ನಡುವೆ ಎಲ್ಲೂ ಇರಲಿಲ್ಲ. ಏನೂ ಗೊತ್ತಿಲ್ಲದೆ ಹೊಸದಾಗಿ ಬರುವವಳಿಗೆ ಕೊಡುವುದಕ್ಕಿಂತ ನನ್ನದು ಕಡಿಮೆ.

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬಂದದ್ದು ನಾಚಿಕೆ. ಯಾರಾದರೂ ನೋಡಿದರೇನೋ ಎಂದು ಫೋನನ್ನು ಮಗುಚಿ ತೊಡೆಯ ಮೇಲಿಟ್ಟುಕೊಂಡೆ. ಮೋಸ ಹೋದವರಿಗಿಂತ ತಾನೇ ಮೋಸ ಮಾಡಿಕೊಂಡವರಿಗೆ ನಾಚಿಕೆ ಜಾಸ್ತಿ. ವೆಬ್‌ಸೈಟಿನಲ್ಲಿ ಲೋಕಕ್ಕೆಲ್ಲ ಕಾಣುವ ಹಾಗೆ ಹಾಕಿದ್ದಾರೆ, ಗಿರೀಶ ನೋಡಿದರೆ? ಡಬ್ಲಿನ್ನಿನ ಗೆಳತಿಯರು ನೋಡಿದರೆ? ಅವರಿಗೆ ನನ್ನ ಸಂಬಳ ಗೊತ್ತಿಲ್ಲ ನಿಜ, ಆದರೆ ಗಿರೀಶನಿಗೆ ಗೊತ್ತು, ಇಬ್ಬರದೂ ಸೇರಿಸಿಯೇ ಟ್ಯಾಕ್ಸು ಕಟ್ಟುವುದು. ಡಬ್ಬಿಯ ಚಪಾತಿ ಹಾಗೇ ಉಳಿಯಿತು. ಮೇಲೆ ಹೋಗಿ ಮತ್ತೆ ಫೋನು ಹಿಡಿದು, ಯಾವುದೋ ಕ್ಲಿನಿಕ್ಕಿಗೆ ಬರಬೇಕಾದ ಹಣಕ್ಕೆ ಜಗಳವಾಡಿದೆ.

ಯಾರಿಗೂ ಹೇಳಲಿಲ್ಲ. ಕೇಳಬೇಕೆಂದರೆ ಮೊದಲು ಒಪ್ಪಿಕೊಳ್ಳಬೇಕಲ್ಲ, ಇಷ್ಟು ವರ್ಷ ನಾನು ದಡ್ಡಿ ಎಂದು? ಅದಕ್ಕಿಂತ ಸುಮ್ಮನಿರುವುದೇ ವಾಸಿ ಅನ್ನಿಸಿತು.

ಆ ಜಾಗಕ್ಕೆ ಬಂದವಳು ಮಂಗಳೂರಿನ ಅನಿತಾ. ಹತ್ತಿರದ ಊರು ಹೇವರ್ಡಿನಲ್ಲಿ ಅಣ್ಣನ ಮನೆಯಲ್ಲಿದ್ದಳು. ಚುರುಕು ಹುಡುಗಿ, ಬಾಯಿ ತುಂಬ "ಸುಮಕ್ಕ" ಎಂದು ಕರೆಯುತ್ತಿದ್ದಳು. ಅವಳಿಗೆ ಕೆಲಸ ಕಲಿಸುವ ಹೊಣೆ ಯಾರದು? ನನ್ನದೇ. ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿಕೊಟ್ಟೆ. ಯಾವ ಕಂಪನಿಗೆ ಯಾವ ಹೊತ್ತಿನಲ್ಲಿ ಫೋನು ಮಾಡಬೇಕು, ಮೊದಲ ಉತ್ತರಕ್ಕೇ ಹೂಂ ಅನ್ನಬಾರದು, ಮೇಲಿನವರನ್ನು ಕೇಳಬೇಕು. "ಅಬ್ಬಾ ಸುಮಕ್ಕ, ನಿಮ್ಮ ಹಾಗೆ ಕೇಳ್ಲಿಕ್ಕೆ ನನಗೆ ಯಾವಾಗ ಬರುತ್ತದೋ" ಎಂದಳು ಒಮ್ಮೆ. ಆ ಹುಡುಗಿ ಮನಸಾರೆ ಹೊಗಳುತ್ತಿದ್ದಳು, ನನಗೆ ಅವಳ ಮುಖ ನೋಡಲಾಗಲಿಲ್ಲ.

ಅವಳಿಗೆ ಮನೆ ಊಟದ ಆಸೆ ಎಂದು ತಿಳಿದು ಅವ್ವ ಶನಿವಾರ ಕರೆಸಿಯೇ ಬಿಟ್ಟಳು. ಜೋಳದ ರೊಟ್ಟಿ, ಎಣಗಾಯಿ ಬದನೆಕಾಯಿ, ಶೇಂಗಾ ಚಟ್ನಿ. ಹೊರಗೆ ಧೋ ಎಂದು ಮಳೆ. ಮಗಳು ಮೊದಲೇ ಉಂಡು ಕೋಣೆಗೆ ಹೋಗಿದ್ದಳು. ನಾನು, ಗಿರೀಶ, ಅನಿತಾ ಉಣ್ಣಲು ಕೂತಿದ್ದೆವು, ಅವ್ವ ಬಿಸಿ ಬಿಸಿ ರೊಟ್ಟಿ ತಂದು ಹಾಕುತ್ತಿದ್ದಳು. ದೀಪಾವಳಿಯ ಬೈಗುಳ ಅವಳಿಗೆ ಮರೆತಿತ್ತೋ, ಮನೆಯೊಳಗೆ ನಡೆಯುತ್ತದೆ ಎಂದುಕೊಂಡಳೋ ತಿಳಿಯದು.

"ತಂಗೀ, ನಿನಗ ಪಗಾರ ಎಷ್ಟವಾ?"

"ಅವ್ವ!" ಎಂದೆ.

ಅನಿತಾ ನಕ್ಕುಬಿಟ್ಟಳು. "ಇರ್ಲಿ ಸುಮಕ್ಕ, ಅದರಲ್ಲಿ ಎಂತ ಗುಟ್ಟುಂಟು? ಜಾಹೀರಾತಿನಲ್ಲೇ ಹಾಕಿದ್ರಲ್ಲ. ಅದು ನೋಡಿ ನಾನು ನಡುವಿನದ್ದು ಕೇಳಿದೆ ಅಮ್ಮ, ಕೊಟ್ರು." ಎಂದು ಅಂಕಿಯನ್ನೂ ಹೇಳಿದಳು.

ಅವ್ವ ರೊಟ್ಟಿ ಹಿಡಿದುಕೊಂಡೇ ಅದನ್ನು ರೂಪಾಯಿ ಮಾಡಿ, ಹುಬ್ಬೇರಿಸಿ, "ಭೇಷ್!" ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. ಕಣ್ಣಲ್ಲಿ ಎಂಥ ಹೆಮ್ಮೆ ಅಂತೀರಿ. "ಮತ್ತ ಈಕೀಗ ಕಲಿಸಾಕಿ ನೀನು. ನಿನಗ ಇದಕ್ಕಿಂತ ಹೆಚ್ಚಿರಬೇಕಲ್ಲ?"

ಗಿರೀಶನ ಕೈಯಲ್ಲಿದ್ದ ರೊಟ್ಟಿಯ ತುಂಡು ಬಾಯಿಗೆ ಹೋಗದೆ ನಡುವೆಯೇ ನಿಂತಿತು.

"ಹೂಂ ಅವ್ವ," ಎಂದೆ. "ಹೆಚ್ಚೈತಿ."

ಗಿರೀಶ ನನ್ನನ್ನೇ ನೋಡಿದ. ಆ ಮೇಜಿನಲ್ಲಿ ಅವನೊಬ್ಬನಿಗೇ ಗೊತ್ತಿತ್ತು, ಅಥವಾ ನಾನು ಹಾಗೆಂದುಕೊಂಡೆ. ಅವ್ವ ಒಂದು ಕ್ಷಣ ಅವನನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು. "ರೊಟ್ಟಿ ಆರತಾವ, ಉಣ್ಣರಿ" ಎಂದು ಒಳಗೆ ಹೋದಳು.

ಅನಿತಾಳನ್ನು ರೈಲ್ವೆ ಸ್ಟೇಷನ್ನಿಗೆ ಬಿಡಲು ನಾನೇ ಹೋದೆ. ಇಳಿಯುವಾಗ ಮೆಲ್ಲಗೆ, "ಸುಮಕ್ಕ, ಒಳಗೆ ಇರುವವರು ಕೇಳಿದ್ರೂ ಅವರ ಕೆಲ್ಸದ ಸಂಬಳದ ರೇಂಜು ಹೇಳ್ಲೇಬೇಕಂತೆ, ಅದೇ ಕಾನೂನಲ್ಲಿ ಉಂಟು. ಸುಮ್ಮನೆ ಹೇಳಿದೆ" ಎಂದಳು. ಅಂದರೆ ಅವಳಿಗೂ ಗೊತ್ತಾಗಿತ್ತು. ನಾನು ವೈಪರ್ ನೋಡುತ್ತಾ ಬೈ ಎಂದೆ.

ಮನೆಗೆ ಬಂದಾಗ ಗಿರೀಶ ಪಾತ್ರೆ ತೊಳೆಯುತ್ತಿದ್ದ. ಅವ್ವ ತನ್ನ ಕೋಣೆಯಲ್ಲಿ ಮಲಗಿದ್ದಳು.

"ಯಾಕೆ ಸುಳ್ಳು ಹೇಳ್ದೆ?"

"ಅವ್ವನ ಮುಖ ನೋಡ್ದ್ಯಲ್ಲ. ಇಲ್ಲ ಅಂತ ಹೆಂಗೆ ಹೇಳ್ಲಿ?"

"ಎಲ್ಲಾ ಕಡೆ ಇಷ್ಟೇ ಅಂತ ನಂಗ್ ಹೇಳಿದ್ದೆ ನೀನು."

ಹೇಳಿಬಿಟ್ಟೆ. ಇಂಟರ್ವ್ಯೂ, ಒತ್ತಾಯಕ್ಕೆ ಕಾದದ್ದು, ಗ್ರೇಟ್ ಎಂದದ್ದು ಎಲ್ಲ. ಗಿರೀಶ ಮೊದಲು ನಕ್ಕ. "ಅಯ್ಯೋ ಹುಚ್ಚಿ, ಸಂಬಳನ ಹೋಳಿಗೆ ಅಂದ್ಕೊಂಡ್ಯಾ?" ಎಂದ. ಆಮೇಲೆ ನನ್ನ ಕಣ್ಣು ನೋಡಿ ನಗು ನಿಲ್ಲಿಸಿ, ನಲ್ಲಿ ಬಂದ್ ಮಾಡಿದ. "ಸೋಮವಾರ ಹೋಗಿ ಕೇಳು. ದಿನಾ ಊರೋರಿಗೆಲ್ಲಾ ಕೇಳ್ತೀಯ. ಒಂದ್ಸಲ ನಿನಗೋಸ್ಕರ ಕೇಳು ಸುಮಾ."

ಸೋಮವಾರ ಆಗಲಿಲ್ಲ, ಬುಧವಾರ ಹೋದೆ. ಡೆನೀಸಳ ಕೋಣೆಯ ಕಿಟಕಿಯಾಚೆ ಅದೇ ನೀಲಗಿರಿ ಮರಗಳು ಮಳೆಗೆ ಬಡಿದಾಡುತ್ತಿದ್ದವು. ಹೇಳಬೇಕಾದದ್ದನ್ನು ಫ್ರೀವೇಯುದ್ದಕ್ಕೂ ಗಟ್ಟಿಯಾಗಿ ಹೇಳಿಕೊಂಡು ಬಂದಿದ್ದೆ. ಹೇಳಿದೆ ಕೂಡ. ಡೆನೀಸ್ ನಿಜವಾಗಿಯೂ ಆಶ್ಚರ್ಯಪಟ್ಟಳು. "ಆದರೆ ಆ ಅಂಕಿ ನೀನೇ ಹೇಳಿದ್ದು. ನೀನು ಯಾವತ್ತೂ ಏನೂ ಕೇಳಲಿಲ್ಲ, ಸಂತೋಷವಾಗಿದ್ದೀ ಎಂದೇ ನಾನು ತಿಳಿದಿದ್ದೆ" ಎಂದಳು. ಒಂದೊಂದೂ ನಿಜ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ವಾರ ಕಳೆದು ಮತ್ತೆ ಕರೆದಳು. ಮುಂದಿನ ತಿಂಗಳಿಂದ ನನ್ನನ್ನು ಆ ರೇಂಜಿನ ಕೆಳಗಿನ ಅಂಕಿಗೆ ತರುವುದಾಗಿ ಹೇಳಿದಳು. ಕೆಳಗಿನದು. ನಾನು ಕಲಿಸಿದ ಅನಿತಾಗೆ ನಡುವಿನದು. "ನಿನಗೆ ಒಪ್ಪಿಗೆಯೇ?" ಎಂದು ನಗುತ್ತಾ ಕೇಳಿದಳು.

ಇಲ್ಲ ಎನ್ನಬೇಕಿತ್ತು. ಮೊದಲ ಉತ್ತರಕ್ಕೇ ಹೂಂ ಅನ್ನಬಾರದು ಎಂದು ಪಾಠ ಹೇಳಿದವಳು ನಾನೇ ತಾನೇ? ಅಯ್ಯೋ, ಈಗ ಹೇಳಲು ಬಾಯಿ ಬರುವುದಿಲ್ಲ, ಆ ಕ್ಷಣದಲ್ಲಿಯೂ ನಾನು ಅವಳು ಇನ್ನೊಂಚೂರು ಬಡಿಸಿಯಾಳೇ ಎಂದು ಕಾದೆ. ಅವಳೂ ಕಾದಳು. "ಪರವಾಗಿಲ್ಲ, ಥ್ಯಾಂಕ್ಯೂ" ಎಂದು ಎದ್ದು ಬಂದೆ. ಗಿರೀಶನಿಗೆ ಫೋನು ಮಾಡಿ "ಜಾಸ್ತಿ ಮಾಡಿದ್ರು" ಎಂದೆ. ಸುಳ್ಳಲ್ಲವಲ್ಲ.

ಮಾರ್ಚಿನ ಕೊನೆಗೆ ಮಳೆ ನಿಂತು ಗುಡ್ಡಗಳೆಲ್ಲ ಹಸಿರಾದವು. ಅವ್ವನನ್ನು ಪಾರ್ಕಿಗೆ ಕರೆದುಕೊಂಡು ಹೋಗುತ್ತಿದ್ದೆ. ಹೊಸ ಹೊಸ ಅಜ್ಜಿಯರು ಬರುತ್ತಿದ್ದರು. ಅವ್ವ ಊರು ಕೇಳುತ್ತಿದ್ದಳು, ಮಕ್ಕಳೆಷ್ಟು ಎನ್ನುತ್ತಿದ್ದಳು, ಅಲ್ಲಿಗೆ ನಿಲ್ಲಿಸಿಬಿಡುತ್ತಿದ್ದಳು. ಅಂತೂ ಬುದ್ಧಿ ಬಂತಲ್ಲ ನಮ್ಮವ್ವನಿಗೆ ಎಂದು ನಿರಾಳವಾದೆ. ಗಿರೀಶನ ಹತ್ತಿರ ಜಂಬ ಕೂಡ ಕೊಚ್ಚಿಕೊಂಡೆ. ಅವನು ಅವ್ವನ ಕೋಣೆಯ ಬಾಗಿಲ ಕಡೆ ನೋಡಿದ.

ಏಪ್ರಿಲ್‌ನಲ್ಲಿ ಹೊರಟಳು. ಏರ್‌ಪೋರ್ಟಿನಲ್ಲಿ ವೀಲ್‌ಚೇರಿಗೆ ಕಾಯುವ ಹಿರಿಯರ ಸಾಲಿನಲ್ಲಿ ಅವಳನ್ನು ಕೂರಿಸಿ, ನಾನು, ಗಿರೀಶ ಪಕ್ಕದಲ್ಲಿ ನಿಂತಿದ್ದೆವು. ಪಕ್ಕದ ಕುರ್ಚಿಯಲ್ಲಿ ಮೈಸೂರಿನ ಕಡೆಯ ಒಬ್ಬ ಅಜ್ಜಿ. ಇಬ್ಬರಿಗೂ ಕ್ಷಣದಲ್ಲಿ ಗೆಳೆತನವಾಯಿತು. ಯಾವೂರು, ಎಷ್ಟು ಜನ ಮೊಮ್ಮಕ್ಕಳು, ಮಂಡಿನೋವಿಗೆ ಏನು ಹಚ್ಚುತ್ತೀರಿ. ಅಜ್ಜಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಅವ್ವನ ಕಡೆ ಬಾಗಿ ಕೇಳಿದರು:

"ಮಗಳೂ ಕೆಲ್ಸಕ್ಕೆ ಹೋಗ್ತಾಳಾ? ಸಂಬಳ ಎಷ್ಟು ಬರತ್ತೆ?"

ಅವ್ವ ನನ್ನ ಕಡೆ ನೋಡಲೇ ಇಲ್ಲ. ಸೆರಗನ್ನು ಸರಿಮಾಡಿಕೊಂಡಳು.

"ಇಲ್ಲೆ ಅದನ್ನೆಲ್ಲಾ ಕೇಳಬಾರ್ದ್ರೀ," ಎಂದಳು. "ಮಂದಿಗೆ ಕಸಿವಿಸಿ ಆಗ್ತದ."